ಮಾವನ ಮುಖಕ್ಕೆ ಮೂರು ರಟ್ಟು

ಮೊದಲನೆಯ ರಟ್ಟು ಹಪ್ಪಳದಂತೆ ಮುದುಡಿತು. ಎರಡನೆಯದರಲ್ಲಿ ಮಾವನ ಗಲ್ಲ ಇರಬೇಕಾದ ಜಾಗದಲ್ಲಿ ಕಾಗದದ ಸಿಪ್ಪೆ ಎದ್ದುಬಂತು. ಮೂರನೆಯದರ ಮೇಲೆ ಈಗ ಒಂದು ಮುಖವಿದೆ. ಬಲಗಿವಿ ಎರಡು ಮಿಲಿಮೀಟರ್ ಕೆಳಗೆ ಕುಳಿತಿದೆ, ಆದರೂ ಅದು ಮಾವನೇ ಎನ್ನುವುದರಲ್ಲಿ ಮನೆಯಲ್ಲಿ ಯಾರಿಗೂ ಅನುಮಾನವಿಲ್ಲ. ಜುಲೈ ಮಳೆಯಲ್ಲಿ, ಶಿವಮೊಗ್ಗದ ನಮ್ಮ ಮನೆಯ ಪಡಸಾಲೆಯಲ್ಲಿ, ಮಾವನ ಮುಖವನ್ನು ಪೆನ್ಸಿಲ್‌ನಲ್ಲಿ ಬರೆಯಲು ಐದು ಭಾನುವಾರ ನಡೆದ ಕೆಲಸದ ಲೆಕ್ಕ ಇದು.

ಪೆನ್ಸಿಲ್‌ನಲ್ಲಿ ಮುಖ ಬರೆಯುವ ಚಟ ನನಗೆ ಹದಿನೈದು ವರ್ಷಗಳದ್ದು. ನನ್ನ ವಿಧಾನ ಸುಲಭವಾಗಿತ್ತು. ಒಂದು ಫೋಟೋ, 6ಬಿ, 8ಬಿ ಎಂಬ ಎರಡು ಮೆದುವಾದ ಕಡುಗಪ್ಪು ಪೆನ್ಸಿಲ್, ಮತ್ತೆ ನನ್ನ ತೋರುಬೆರಳು. ಕಪ್ಪು ಹಚ್ಚುವುದು, ಬೆರಳಿನಿಂದ ತಿಕ್ಕುವುದು, ಕೆನ್ನೆ ಉಬ್ಬಿದಂತೆ ಕಂಡಾಗ ನಿಲ್ಲಿಸುವುದು. ನೋಡಿದವರು "ಥೇಟ್ ಫೋಟೋ ಇದ್ದ ಹಾಗಿದೆ" ಎನ್ನುತ್ತಿದ್ದರು. ಮೊದಮೊದಲು ಆ ಮಾತು ಹಿತವಾಗಿತ್ತು. ಆಮೇಲಾಮೇಲೆ ಚುಚ್ಚತೊಡಗಿತು. ಫೋಟೋ ಆಗಲೇ ಇತ್ತಲ್ಲ, ನಾನು ಇಪ್ಪತ್ತು ಗಂಟೆ ಕುಳಿತು ಮಾಡಿದ್ದಾದರೂ ಏನು?

ಆ ಹೊತ್ತಿನಲ್ಲಿ ಕಣ್ಣಿಗೆ ಬಿದ್ದದ್ದು ಇಟಲಿಯ ಪಿಟೀಲುವಾದಕ ಪಗನಿನಿಯ ಪೆನ್ಸಿಲ್ ಚಿತ್ರ. ಫ್ರೆಂಚ್ ಕಲಾವಿದ ಆಂಗ್ರ್ 1819ರಲ್ಲಿ ರೋಮ್‌ನಲ್ಲಿ ಬರೆದದ್ದು. ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅಳತೆ ಹೆಚ್ಚುಕಡಿಮೆ ನಮ್ಮ ಎ4 ಹಾಳೆಯಷ್ಟೇ. ಪಿಟೀಲನ್ನು ಕಂಕುಳಲ್ಲಿ ಇರಿಸಿಕೊಂಡು ನಿಂತ ಮನುಷ್ಯ. ಮುಖಕ್ಕೆ ಮಾತ್ರ ಸಣ್ಣಗೆ, ಒತ್ತೊತ್ತಾಗಿ ಎಳೆದ ಗೆರೆಗಳ ನೆರಳು. ಕೋಟಿಗೆ ಬಂದರೆ ಪೆನ್ಸಿಲ್ ಸಡಿಲವಾಗಿ ಓಡಿಬಿಟ್ಟಿದೆ. ಎಲ್ಲಿಯೂ ಕಗ್ಗತ್ತಲಿಲ್ಲ, ಅಬ್ಬರವಿಲ್ಲ. ಇದೇ ಪಗನಿನಿಯನ್ನು ಇನ್ನೊಬ್ಬ ಫ್ರೆಂಚ್ ಕಲಾವಿದ ದೆಲಕ್ರವಾ 1831ರಲ್ಲಿ ತೈಲವರ್ಣದಲ್ಲಿ ಬರೆದಾಗ ಕತ್ತಲೆಯಿಂದ ಎದ್ದುಬಂದ ಭೂತದಂತೆ ತೋರಿಸಿದ. ಅದೂ ಶ್ರೇಷ್ಠ ಚಿತ್ರವೇ. ಆದರೆ ನಾಲ್ಕು ದಿನ ಬಿಟ್ಟು ನೆನಪಿಸಿಕೊಂಡಾಗ ನನಗೆ ಎದುರಿಗೆ ಬಂದು ನಿಂತದ್ದು ಆಂಗ್ರ್‌ನ ಪಗನಿನಿ. ಅಷ್ಟು ಕಡಿಮೆ ಹೇಳಿ ಅಷ್ಟು ಹತ್ತಿರ ಬರುವುದು ಹೇಗೆ ಎಂಬುದು ತಲೆಯಲ್ಲಿ ಕೊರೆಯತೊಡಗಿತು. ತಿಳಿಯಲು ಒಂದೇ ದಾರಿ: ಅವನಂತೆ ಮಾಡಿ ನೋಡುವುದು. ಕೂರಲು ಒಪ್ಪಿದವರು ನನ್ನ ಸೋದರಮಾವ. ನಲವತ್ತು ವರ್ಷ ಟೈಲರ್ ಆಗಿದ್ದವರು, ಅಂಗಡಿ ಮುಚ್ಚಿ ಎರಡು ವರ್ಷವಾಗಿದೆ, ಸುಮ್ಮನೆ ಕೂರುವುದು ಅವರಿಗೆ ಈಗ ಅಭ್ಯಾಸವಾಗಿದೆ ಎಂದು ಭಾವಿಸಿದ್ದೆ. ಅದು ನನ್ನ ಮೊದಲ ತಪ್ಪು ಲೆಕ್ಕ.

ಕಾಗದ

ಅಂಗಡಿಯಲ್ಲಿ ಆಂಗ್ರ್ ಹೆಸರಿನದೇ ಒಂದು ಕಾಗದ ಸಿಗುತ್ತದೆ. ಹೆಸರು ನೋಡಿ ಕಣ್ಣು ಮುಚ್ಚಿಕೊಂಡು ಹತ್ತು ಹಾಳೆ ತಂದೆ. ಬೆಳಕಿಗೆ ಹಿಡಿದರೆ ಪಂಚೆಯ ಸಣ್ಣ ಗೀರಿನಂತೆ ಒತ್ತೊತ್ತಾದ ಗೆರೆಗಳು. ಇದನ್ನು ಲೇಯ್ಡ್ ಕಾಗದ ಎನ್ನುತ್ತಾರೆ. ಕಾಗದ ಎತ್ತುವ ಅಚ್ಚಿನಲ್ಲಿ ತಂತಿಗಳನ್ನು ಸಾಲಾಗಿ ಜೋಡಿಸಿದ್ದರೆ ಆ ಗೀರು ಬರುತ್ತದೆ. ಇದ್ದಿಲಿಗೆ, ಬಣ್ಣದ ಸೀಮೆಸುಣ್ಣಕ್ಕೆ ಒಳ್ಳೆಯ ಕಾಗದ. ಆದರೆ ಚೂಪು ಪೆನ್ಸಿಲ್ ಆ ದಿಣ್ಣೆಗಳ ಮೇಲೆ ಜಟಕಾ ಬಂಡಿಯಂತೆ ಕುಣಿಯುತ್ತದೆ. ಆಮೇಲೆ ಓದಿ ತಿಳಿದುಕೊಂಡೆ: ಆಂಗ್ರ್ ತನ್ನ ಪೆನ್ಸಿಲ್ ಭಾವಚಿತ್ರಗಳಿಗೆ ಬಳಸಿದ್ದು ಈ ಕಾಗದವನ್ನಲ್ಲ, ನುಣುಪಾದ ವೋವ್ ಕಾಗದವನ್ನು. ಅದರ ಅಚ್ಚಿನಲ್ಲಿ ತಂತಿಯನ್ನು ಬಟ್ಟೆಯಂತೆ ನೇಯ್ದಿರುತ್ತಾರೆ, ಹಾಗಾಗಿ ಗೀರು ಮೂಡುವುದಿಲ್ಲ. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ಜೇಮ್ಸ್ ವಾಟ್‌ಮನ್ 1750ರ ದಶಕದಲ್ಲಿ ಇದನ್ನು ತಯಾರಿಸಿದ. ಹೆಸರು ಆಂಗ್ರ್‌ನದು, ಕಾಗದ ಮಾತ್ರ ಅವನು ಬೇಡವೆಂದು ಬಿಟ್ಟದ್ದು! ಇದನ್ನು ಹೇಳಿದಾಗ ಮಾವ ನಕ್ಕರು. "ಮೈಸೂರು ಬೋಂಡಾ ಇದ್ದ ಹಾಗೆ ಬಿಡು" ಎಂದರು.

ಆ ಹತ್ತು ಹಾಳೆ ಈಗ ತಂಗಿಯ ಮಗಳ ಪಾಲಾಗಿವೆ. ನಾನು ಹಾಟ್ ಪ್ರೆಸ್ ಮಾಡಿದ ನುಣುಪು ಕಾಗದ ತಂದೆ, ತೆಳುವಾದದ್ದು, ಚದರ ಮೀಟರಿಗೆ ಸುಮಾರು 120 ಗ್ರಾಂ ತೂಗುವಂಥದ್ದು.

ರಟ್ಟು

ಈ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದು. ಆಂಗ್ರ್ ಬಿಡಿ ಹಾಳೆಯ ಮೇಲೆ ಬರೆಯುತ್ತಿರಲಿಲ್ಲ. ನಡುವೆ ಒಂದು ರಟ್ಟು, ಅದರ ಮೇಲೆ ಮೆತ್ತೆಯಂತೆ ಕೆಲವು ಹಾಳೆ, ಎಲ್ಲಕ್ಕೂ ಮೇಲೆ ಒಳ್ಳೆಯ ಬಿಳಿ ಕಾಗದವನ್ನು ಬಿಗಿಯಾಗಿ ಸುತ್ತಿ ಹಿಂದೆ ಅಂಟಿಸಿದ ಹಲಗೆಯಂಥ ಒಂದು ವಸ್ತುವನ್ನು ಬಳಸುತ್ತಿದ್ದ. ಮೇಲ್ಮೈ ಬಿಗಿ, ಅಡಿಯಲ್ಲಿ ಮೆತ್ತಗೆ. ಮೃದಂಗದ ಚರ್ಮದ ಹಾಗೆ ಎನ್ನಬಹುದು.

ಇದರಿಂದ ಆಗುವ ಉಪಕಾರ ಕೈಯಲ್ಲಿ ಹಿಡಿದ ಮೇಲೆಯೇ ಗೊತ್ತಾಗುವುದು. ಗಟ್ಟಿ ಮೇಜಿನ ಮೇಲಿಟ್ಟ ಹಾಳೆಯಲ್ಲಿ ಚೂಪು ಪೆನ್ಸಿಲ್ ಒತ್ತಿದರೆ ಕಾಗದ ಗೀರುತ್ತದೆ, ಗೆರೆ ಮಾತ್ರ ಅಷ್ಟೇ ದಪ್ಪ ಉಳಿಯುತ್ತದೆ. ಮೆತ್ತೆಯ ಮೇಲೆ ಒತ್ತಿದರೆ ಕಾಗದ ಕೂದಲೆಳೆಯಷ್ಟು ತಗ್ಗಿ, ಪೆನ್ಸಿಲ್ ಮೊನೆಯ ಪಕ್ಕಗಳೂ ಕಾಗದಕ್ಕೆ ತಾಗುತ್ತವೆ. ಗೆರೆ ಉಬ್ಬುತ್ತದೆ, ಕೈ ಸಡಿಲಿಸಿದರೆ ಮತ್ತೆ ಸಣ್ಣಗಾಗುತ್ತದೆ. ಒಂದೇ ಎಳೆತದಲ್ಲಿ ದವಡೆಯ ಮೂಳೆ ಗಟ್ಟಿಯೆಂದೂ ಅದರ ಕೆಳಗಿನ ಜೋಲುಚರ್ಮ ಮೆತ್ತಗೆಂದೂ ಹೇಳಲು ಸಾಧ್ಯವಾಗುವುದು ಹೀಗೆ.

ಮೊದಲ ಭಾನುವಾರ ನಾನು ಮಾಡಿದ್ದು: ಪುಸ್ತಕದ ಬೈಂಡಿಂಗಿಗೆ ಬಳಸುವ ಮೂರು ಮಿಲಿಮೀಟರ್ ದಪ್ಪದ ಬೂದು ರಟ್ಟನ್ನು 30 ಸೆಂ.ಮೀ. ಉದ್ದ, 22 ಸೆಂ.ಮೀ. ಅಗಲಕ್ಕೆ ಕತ್ತರಿಸಿದೆ. ಅದರ ಮೇಲೆ ನಾಲ್ಕು ತೆಳು ಹಾಳೆ, ಅಂಟಿಲ್ಲದೆ. ಮೇಲಿನ ಕಾಗದ ಸುತ್ತಲೂ ಮೂರು ಸೆಂ.ಮೀ. ಹೆಚ್ಚು. ಅದಕ್ಕೆ ನೀರು ಚಿಮುಕಿಸಿ, ರಟ್ಟಿನ ಹಿಂಬದಿಗೆ ಮಡಿಚಿ ಮೈದಾ ಅಂಟಿನಿಂದ ಅಂಟಿಸಿದೆ. ನಮ್ಮೂರ ಬೈಂಡರುಗಳು ಹುಳ ಬರದಿರಲೆಂದು ಅಂಟಿಗೆ ಮೈಲುತುತ್ತ ಸೇರಿಸುವುದುಂಟು. ನಾನು ಸೇರಿಸಲಿಲ್ಲ. ತಾಮ್ರದ ಅಂಶ ಕಾಗದವನ್ನು ಕಾಲಕ್ರಮದಲ್ಲಿ ತಿನ್ನುತ್ತದೆ, ಹುಳ ತಿಂದರೂ ಅದೇ, ತಾಮ್ರ ತಿಂದರೂ ಅದೇ.

ನೀರು ಚಿಮುಕಿಸಿದೆ ಎಂದೆನಲ್ಲ, ನಿಜ ಹೇಳಬೇಕೆಂದರೆ ತೋಯಿಸಿದೆ. ಒದ್ದೆಯಾದ ಕಾಗದ ಹಿಗ್ಗುತ್ತದೆ, ಒಣಗುವಾಗ ಕುಗ್ಗುತ್ತದೆ, ಕುಗ್ಗುವಾಗ ರಟ್ಟನ್ನೂ ಎಳೆದುಕೊಳ್ಳುತ್ತದೆ. ಎರಡು ದಿನ ಬಿಟ್ಟು ನೋಡಿದರೆ ರಟ್ಟಿನ ನಾಲ್ಕು ಮೂಲೆಗಳೂ ಮೇಲಕ್ಕೆದ್ದಿದ್ದವು. ಒಳಗಿನ ಹಾಳೆಗಳು ತೇವ ಕುಡಿದು ಸುಕ್ಕುಗಟ್ಟಿದ್ದರಿಂದ ಮೇಲೆ ಬೆರಳಾಡಿಸಿದರೆ ಮಲೆನಾಡಿನ ರಸ್ತೆ. ಇದು ಒಂದನೆಯ ರಟ್ಟಿನ ಕಥೆ.

ಎರಡನೆಯದಕ್ಕೆ ಮೂರು ಬದಲಾವಣೆ ಮಾಡಿಕೊಂಡೆ. ಹಿಂಡಿದ ಸ್ಪಂಜಿನಿಂದ ಕಾಗದದ ಹಿಂಬದಿಯನ್ನು ಒಂದೇ ಸಲ ಒರೆಸಿ ಎರಡು ನಿಮಿಷ ಬಿಟ್ಟೆ. ರಟ್ಟಿನ ಬೆನ್ನಿಗೂ ಅಷ್ಟೇ ತೂಕದ ಒಂದು ಹಾಳೆ ಅಂಟಿಸಿದೆ, ಎರಡೂ ಕಡೆಯಿಂದ ಎಳೆತ ಸಮನಾಗಲೆಂದು. ಬೈಂಡಿಂಗ್ ಗೊತ್ತಿರುವವರಿಗೆ ಇದು ಮೊದಲ ಪಾಠ. ನನಗೆ ಹೇಳುವವರಿರಲಿಲ್ಲ. ಒಣಗುವಾಗ ಮೇಲೆ ಇನ್ನೊಂದು ಹಲಗೆ, ಅದರ ಮೇಲೆ ಅಮ್ಮನ ರುಬ್ಬುಗುಂಡು. ಮಿಕ್ಸಿ ಬಂದಮೇಲೆ ಅದಕ್ಕೆ ಸಿಕ್ಕ ಮೊದಲ ಕೆಲಸ. ಮಳೆಗಾಲವಾದ್ದರಿಂದ ಪೂರ್ತಿ ಒಣಗಲು ಮೂರು ದಿನ ಹಿಡಿಯಿತು. ಬಿಸಿಲಿರುವ ಊರಿನಲ್ಲಿ ಒಂದು ದಿನ ಸಾಕಾದೀತು.

ಬೆರಳಿನಿಂದ ತಟ್ಟಿದರೆ ಟಪ್ ಎಂದಿತು. ಆ ಸದ್ದಿಗೆ ನಾನು ತುಸು ಅಹಂಕಾರಪಟ್ಟೆ.

ಪೆನ್ಸಿಲ್

ಇದರಲ್ಲಿ ಹೆಚ್ಚು ಹೇಳುವುದಿಲ್ಲ. 6ಬಿ, 8ಬಿಗಳನ್ನು ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟೆ. ಕೆಳಗೆ ಉಳಿದದ್ದು ಗಡಸಾದ 2ಎಚ್, ನಡುವಿನ ಎಚ್‌ಬಿ, ತುಸು ಮೆದುವಾದ ಒಂದು 2ಬಿ. ಶಾರ್ಪನರ್ ಬೇಡ. ಬ್ಲೇಡಿನಿಂದ ಮರ ಹೆರೆದು ಸೀಸವನ್ನು ಎರಡು ಸೆಂ.ಮೀ. ಹೊರಗೆ ಬಿಟ್ಟು, ಉಪ್ಪುಕಾಗದದ ಮೇಲೆ ತಿರುಗಿಸುತ್ತ ಉಜ್ಜಿ ದಬ್ಬಣದ ಮೊನೆಯಂತೆ ಮಾಡಿಕೊಳ್ಳಬೇಕು. ಹತ್ತು ನಿಮಿಷಕ್ಕೊಮ್ಮೆ ಮತ್ತೆ ಉಜ್ಜಬೇಕು.

ಗಡಸು ಪೆನ್ಸಿಲ್, ಮೆದು ಪೆನ್ಸಿಲ್ ಎಂಬ ಈ ಏರ್ಪಾಡು ಯುದ್ಧದ ಕೂಸು. ಇಂಗ್ಲೆಂಡಿನ ಬರೊಡೇಲ್ ಗಣಿಯ ಶುದ್ಧ ಗ್ರಾಫೈಟನ್ನು ಸೀಳಿ ಪೆನ್ಸಿಲ್ ಮಾಡುವ ಕಾಲ ಅದು. 1793ರಲ್ಲಿ ಬ್ರಿಟನ್ನಿನೊಂದಿಗೆ ಯುದ್ಧ ಶುರುವಾದ ಮೇಲೆ ಫ್ರಾನ್ಸಿಗೆ ಅದು ಸಿಗದಾಯಿತು. ನಿಕೊಲಾ ಜಾಕ್ ಕೋಂತೆ ಎಂಬವನು ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ, ಕಡ್ಡಿ ಹೊಸೆದು ಸುಟ್ಟು, 1795ರಲ್ಲಿ ಪೇಟೆಂಟ್ ಪಡೆದ. ಮಣ್ಣು ಹೆಚ್ಚಿದಷ್ಟೂ ಗಡಸು. ಈ ಹೊಸ ಪೆನ್ಸಿಲ್ ಬಂದು ಎರಡು ವರ್ಷಕ್ಕೆ, 1797ರಲ್ಲಿ, ಹದಿನೇಳರ ಹುಡುಗ ಆಂಗ್ರ್ ಪ್ಯಾರಿಸ್ಸಿಗೆ ಬಂದು ಚಿತ್ರಕಾರ ಜಾಕ್ ಲೂಯಿ ದಾವೀದ್‌ನ ಶಿಷ್ಯನಾದ. ಗ್ರೀಕ್ ಹೂಜಿಗಳ ಮೇಲಿನ ಚಿತ್ರಗಳಂತೆ ಹೊರಗೆರೆಯೊಂದರಲ್ಲೇ ಎಲ್ಲವನ್ನೂ ಹೇಳಬೇಕು ಎಂಬ ಹುಮ್ಮಸ್ಸು ಆಗಿನ ನವ ಅಭಿಜಾತ ಶೈಲಿಯವರಲ್ಲಿ ಜೋರಾಗಿತ್ತು. ಚೂಪು ಗೆರೆಯ ಆಸೆ, ಅದಕ್ಕೆ ತಕ್ಕ ಪೆನ್ಸಿಲ್, ನುಣುಪು ಕಾಗದ, ಮೂರೂ ಒಂದೇ ಕಾಲಕ್ಕೆ ಕೂಡಿಬಂದವು.

ಎರಡನೆಯ ಭಾನುವಾರ

ಕಿಟಕಿಗೆ ಬಿಳಿ ಪಂಚೆ ಕಟ್ಟಿ ಬೆಳಕನ್ನು ಹದ ಮಾಡಿದೆ. ಗಾಢ ನೆರಳಿದ್ದರೆ ನನ್ನ ಹಳೆಯ ಚಟ ತಿರುಗಿ ಬರುತ್ತದೆ. ಮಾವನನ್ನು ಕಿಟಕಿಗೆ ಮುಖ ಮಾಡಿಸಿ, ಮುಖ ಮುಕ್ಕಾಲು ತಿರುಗುವಂತೆ ಕೂರಿಸಿದೆ.

ಅವರು ಕೂತದ್ದು ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗೆ. ಎದೆ ಮುಂದೆ, ಗದ್ದ ಮೇಲೆ, ತುಟಿ ಬಿಗಿ. ಐದು ನಿಮಿಷಕ್ಕೊಮ್ಮೆ ಕೈ ತಾನಾಗಿ ಕುತ್ತಿಗೆಗೆ ಹೋಗುತ್ತಿತ್ತು. ಅಲ್ಲಿ ಅಳತೆಪಟ್ಟಿ ಇಲ್ಲವೆಂದು ನೆನಪಾಗಿ ಕೆಳಗಿಳಿಯುತ್ತಿತ್ತು. ಸುಮ್ಮನೆ ಕೂತು ಅಭ್ಯಾಸವಿಲ್ಲದ ಕೈಗಳು. ನಾನು ಕಡ್ಡಿ ಹಿಡಿದು ಒಂದು ಕಣ್ಣು ಮುಚ್ಚಿ, ಕಣ್ಣಿಂದ ಗದ್ದಕ್ಕೆ ಎಷ್ಟು, ಕಣ್ಣಿಂದ ನೆತ್ತಿಗೆ ಎಷ್ಟು ಎಂದು ಅಳೆದೆ. 2ಎಚ್‌ನಲ್ಲಿ ಉಸಿರು ಬಿಗಿಹಿಡಿದು ಹೊರಗೆರೆ ಎಳೆದೆ. ಒಂದೂವರೆ ಗಂಟೆಯಾದ ಮೇಲೆ ಮಾವ ಎದ್ದು ಬಂದು ನೋಡಿದರು. ಮುಖದ ಬಗ್ಗೆ ಏನೂ ಅನ್ನಲಿಲ್ಲ.

"ಭುಜ ಎರಡೂ ಒಂದೇ ಎತ್ತರ ಮಾಡಿದ್ದೀಯಲ್ಲೋ" ಎಂದರು.

"ಹಾಗೇ ಇದೆಯಲ್ಲ ಮಾವ?"

"ಎರಡೂ ಭುಜ ಸಮ ಇರುವ ಗಿರಾಕಿಯನ್ನು ನಾನು ನಲವತ್ತು ವರ್ಷದಲ್ಲಿ ಕಂಡಿಲ್ಲ. ನನ್ನದು ಬಲಗಡೆ ಅರ್ಧ ಇಂಚು ಇಳಿದಿದೆ. ಕತ್ತರಿ ಹಿಡಿದ ಭುಜ ಅದು."

ಆಮೇಲೆ ಅವರು ತಮ್ಮ ಅಳತೆ ಪುಸ್ತಕದ ಗುಟ್ಟು ಹೇಳಿದರು. ಗಿರಾಕಿಯ ಹೆಸರಿನ ಮುಂದೆ ಅಂಕಿಗಳ ಜೊತೆ ಒಂದು ಸಣ್ಣ ಓರೆಗೀಟು ಹಾಕುತ್ತಿದ್ದರಂತೆ, ಯಾವ ಭುಜ ಇಳಿದಿದೆ ಎಂದು ತೋರಿಸಲು. ಹೊಟ್ಟೆ ಮುಂದಿದ್ದರೆ ಒಂದು ಗುರುತು, ಬೆನ್ನು ಬಾಗಿದ್ದರೆ ಇನ್ನೊಂದು. "ಅಂಕಿ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಬರುತ್ತದೆ. ಅಂಗಿ ಮೈಗೆ ಕೂರುವುದು ಆ ಗೀಟಿನಿಂದ" ಎಂದರು. ಮುಖ ಬರೆಯುವುದನ್ನು ಕಲಿಸುವ ಪುಸ್ತಕಗಳಲ್ಲಿ ನಾನು ಓದಿದ್ದೆಲ್ಲ ಅಂಕಿಯೇ. ಕಣ್ಣು ತಲೆಯ ಅರ್ಧಕ್ಕೆ ಬರುತ್ತದೆ, ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣಿನ ಜಾಗ. ಸರಿಯೇ. ಆ ಲೆಕ್ಕದಲ್ಲಿ ನಾನು ಬರೆದಿದ್ದದ್ದು ಅಂಗಡಿ ಮುಂದೆ ನಿಲ್ಲಿಸುವ ಗೊಂಬೆಯನ್ನು, ಮಾವನ ಕನ್ನಡಕ ಹಾಕಿ.

ಮೂರನೆಯ ಭಾನುವಾರ, ಮತ್ತು ದುರಸ್ತಿ

ಭುಜ ಇಳಿಸಿದೆ. ಭುಜದೊಂದಿಗೆ ಕುತ್ತಿಗೆ ವಾಲಿತು, ಕುತ್ತಿಗೆಯೊಂದಿಗೆ ದವಡೆ ಸರಿಯಬೇಕಾಯಿತು. ದವಡೆಯನ್ನು ಅಳಿಸಿ ಬರೆದೆ, ಅಳಿಸಿ ಬರೆದೆ. ಅಂದು ಬೆಳಿಗ್ಗೆ ಮಸಾಲೆದೋಸೆ ತಿಂದು ಕೈ ತೊಳೆದದ್ದು ಅವಸರದಲ್ಲಿ. ಕೈ ಊರಿದ ಜಾಗದಲ್ಲೆಲ್ಲ ಕಾಣದ ಜಿಡ್ಡು ಕೂತು, ಅದರ ಮೇಲೆ ಪೆನ್ಸಿಲ್ ಹಿಡಿಯದೆ ಜಾರಿತು. ಜಿಡ್ಡು ತೆಗೆಯಲೆಂದು ರಬ್ಬರನ್ನು ಒತ್ತಿ ಉಜ್ಜಿದೆ. ಕಾಗದದ ಮೇಲ್ಪದರ ಅಕ್ಕಿರೊಟ್ಟಿಯ ಸಿಪ್ಪೆಯಂತೆ ಎದ್ದಿತು. ಗಲ್ಲದ ಮೇಲೆ ಎಂಟಾಣೆ ಅಗಲ.

ದುರಸ್ತಿ ಮಾಡಲು ನೋಡಿದ್ದು ಹೀಗೆ. ತೀರಾ ತೆಳುವಾದ ಗೋಧಿ ಗಂಜಿಯನ್ನು ಸಣ್ಣ ಕುಂಚದ ತುದಿಯಲ್ಲಿ ಎದ್ದ ಎಳೆಗಳಿಗೆ ತಾಗಿಸಿದೆ. ಮೇಲೆ ಬೆಣ್ಣೆಕಾಗದ ಇಟ್ಟು ಚಮಚದ ಬೆನ್ನಿನಿಂದ ನಿಧಾನವಾಗಿ ಸವರಿದೆ. ರುಬ್ಬುಗುಂಡಿನ ಕೆಳಗೆ ಒಂದು ರಾತ್ರಿ. ಬೆಳಿಗ್ಗೆ ನೋಡಿದರೆ ಕಣ್ಣಿಗೆ ಏನೂ ಕಾಣದಷ್ಟು ನುಣುಪಾಗಿತ್ತು, ನಾನು ಗೆದ್ದೆನೆಂದೇ ತಿಳಿದೆ. 2ಎಚ್ ಇಟ್ಟು ಗೆರೆ ಎಳೆದೊಡನೆ ಬಣ್ಣ ಬಯಲಾಯಿತು. ಕಾರ್ಖಾನೆಯಲ್ಲಿ ಕಾಗದಕ್ಕೆ ಹಾಕಿದ್ದ ಸರೇಸಿನ ಪದರ ಅಲ್ಲಿ ಹೋಗಿಬಿಟ್ಟಿತ್ತು. ಬೆತ್ತಲೆಯಾದ ಎಳೆಗಳು ಗ್ರಾಫೈಟನ್ನು ಹೀರಿ, ಸುತ್ತಲಿಗಿಂತ ಎರಡರಷ್ಟು ಕಪ್ಪಾಗಿ, ಮಾವನಿಗೆ ಗಡ್ಡ ಬಂದಂತೆ ಕಂಡಿತು. ಹಿನ್ನೆಲೆಯಲ್ಲೋ ಅಂಗಿಯಲ್ಲೋ ಇಂಥ ಗಾಯವಾಗಿದ್ದರೆ ಈ ಚಿಕಿತ್ಸೆ ಸಾಕು. ಮುಖದಲ್ಲಾದರೆ ಹೊಸ ಹಲಗೆ ಮಾಡಿಕೊಳ್ಳುವುದೇ ಲೇಸು.

ಅಂದಿನಿಂದ ಕೈಕೆಳಗೆ ಸದಾ ಬೆಣ್ಣೆಕಾಗದ. ರಬ್ಬರ್ ಬರುವ ಮುಂಚೆ ಚಿತ್ರಕಾರರು ಬ್ರೆಡ್ಡಿನ ತಿರುಳಿನಿಂದ ಅಳಿಸುತ್ತಿದ್ದರು ಎಂದು ನೆನಪಾಗಿ ಅದನ್ನೂ ಪ್ರಯತ್ನಿಸಿದೆ. ಮೃದುವಾಗಿ ಅಳಿಸುತ್ತದೆ ನಿಜ, ಆದರೆ ಈಗಿನ ಬ್ರೆಡ್ಡಿನಲ್ಲಿ ಎಣ್ಣೆಯೋ ಬೆಣ್ಣೆಯೋ ಇರುತ್ತದೆ, ಮತ್ತೆ ಜಿಡ್ಡು. ಇರುವೆ ಬಂದದ್ದು ಬೇರೆ. ಕೊನೆಗೆ ನಾದಿದ ಹಿಟ್ಟಿನಂತಿರುವ ಮೆತ್ತನೆಯ ರಬ್ಬರ್ ತಂದೆ. ಅದನ್ನು ಉಜ್ಜಬಾರದು, ಒತ್ತಿ ಎತ್ತಬೇಕು.

ಈ ನಡುವೆ ಒಂದು ಅಡ್ಡದಾರಿಯನ್ನೂ ಹಿಡಿದೆ, ಒಪ್ಪಿಕೊಳ್ಳುತ್ತೇನೆ. ಆಂಗ್ರ್ ಕ್ಯಾಮೆರಾ ಲ್ಯೂಸಿಡಾ ಬಳಸಿದ್ದಿರಬೇಕು ಎಂದು ಇಂಗ್ಲಿಷ್ ಚಿತ್ರಕಾರ ಡೇವಿಡ್ ಹಾಕ್ನಿ 2001ರಲ್ಲಿ ಒಂದು ದೊಡ್ಡ ವಾದವನ್ನೇ ಹೂಡಿದ. ಅದು ಕಡ್ಡಿಯ ತುದಿಗೆ ಸಿಕ್ಕಿಸಿದ ಸಣ್ಣ ಗಾಜಿನ ಪಟ್ಟಕ. ಅದರೊಳಗೆ ನೋಡಿದರೆ ಎದುರಿನ ಮುಖ ಕಾಗದದ ಮೇಲೆ ಬಿದ್ದಂತೆ ತೋರುತ್ತದೆ. ವೊಲಾಸ್ಟನ್ ಎಂಬ ವಿಜ್ಞಾನಿ 1806ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದರಿಂದ ಕಾಲವೇನೋ ಹೊಂದುತ್ತದೆ. ಕಲಾ ಇತಿಹಾಸಕಾರರಲ್ಲಿ ಹಲವರು ಒಪ್ಪಲಿಲ್ಲ. ನನ್ನ ಬಳಿ ಪಟ್ಟಕವಿಲ್ಲ, ಮೊಬೈಲಿದೆ. ಮಾವನ ಫೋಟೋ ತೆಗೆದು, ಹಳೆಯ ಹಾಳೆಯೊಂದರ ಮೇಲೆ ಗೆರೆಗೆ ಗೆರೆ ಇಳಿಸಿದೆ. ಹತ್ತಿರದಿಂದ ತೆಗೆದ ಫೋಟೋದಲ್ಲಿ ಮೂಗು ದೊಡ್ಡದು, ಕಿವಿ ಸಣ್ಣದು. ಆ ದೋಷವೂ ಅಚ್ಚುಕಟ್ಟಾಗಿ ಇಳಿಯಿತು. ಅದಿರಲಿ. ಪ್ರತಿ ಗೆರೆಯೂ ತನ್ನ ಜಾಗದಲ್ಲೇ ಇದ್ದರೂ ಎಲ್ಲ ಗೆರೆಗಳೂ ಒಂದೇ ದಪ್ಪ, ಒಂದೇ ವೇಗ. ರೆಪ್ಪೆಗೆ ಎಷ್ಟು ಒತ್ತು, ಅಂಗಿಯ ಮಡಿಕೆಗೆ ಎಷ್ಟು ಎಂದು ಹೇಳುವವರು ಯಾರು? ಪಟ್ಟಕ ಇದ್ದಿದ್ದರೂ ಆಂಗ್ರ್‌ಗೆ ಅದು ದಾರಕ್ಕೆ ಗಂಟು ಹಾಕಿಕೊಟ್ಟಿರಬಹುದು, ಹೊಲಿಗೆ ಅವನದೇ.

ನಾಲ್ಕನೆಯ ಭಾನುವಾರ

ಆಂಗ್ರ್‌ನ ಶಿಷ್ಯ ರೇಮೊಂ ಬಾಲ್ಜ್ ತನ್ನ ಗುರುವಿನ ದಿನಚರಿಯನ್ನು ಹೇಳಿಟ್ಟಿದ್ದಾನೆ. ಒಂದು ಭಾವಚಿತ್ರಕ್ಕೆ ನಾಲ್ಕು ಗಂಟೆ. ಬೆಳಿಗ್ಗೆ ಒಂದೂವರೆ, ಮಧ್ಯಾಹ್ನ ಎರಡೂವರೆ. ಮರುದಿನ ಕೈ ಹಾಕುವುದು ಬಲು ಅಪರೂಪ. ನಡುವೆ ಕೂತವರೊಡನೆ ಊಟ. ಆ ಊಟದ ಹೊತ್ತಿನಲ್ಲಿ, ಅವರು ಎಚ್ಚರ ತಪ್ಪಿ ಸಹಜವಾಗಿರುವಾಗ, ಚಿತ್ರದ ತಿರುಳು ತನಗೆ ಸಿಗುತ್ತದೆಂದು ಆಂಗ್ರ್ ಹೇಳುತ್ತಿದ್ದನಂತೆ. ಇದನ್ನು ಓದಿದಾಗ ಶಿಷ್ಯರು ಗುರುವಿನ ಬಗ್ಗೆ ಹೇಳುವ ಚಂದದ ಮಾತು ಎಂದು ಪಕ್ಕಕ್ಕಿಟ್ಟಿದ್ದೆ.

ಅವನಿಗೆ ಈ ವೇಗ ಹೊಟ್ಟೆಪಾಡಿನಿಂದ ಬಂದದ್ದು. ನೆಪೋಲಿಯನ್ ಸಾಮ್ರಾಜ್ಯ ಕುಸಿದ ಮೇಲೆ ರೋಮ್‌ನಲ್ಲಿದ್ದ ಫ್ರೆಂಚ್ ಅಧಿಕಾರಿಗಳು ಊರು ಬಿಟ್ಟರು, ದೊಡ್ಡ ಚಿತ್ರ ಕೇಳುವವರು ಇಲ್ಲವಾದರು. ಆಗತಾನೇ ಮದುವೆಯಾಗಿದ್ದ ಆಂಗ್ರ್, ರೋಮ್ ನೋಡಲು ಬರುವ ಇಂಗ್ಲಿಷ್ ಪ್ರವಾಸಿಗರಿಗೆ ಪೆನ್ಸಿಲ್ ಚಿತ್ರ ಬರೆದು ಮನೆ ನಡೆಸಿದ. ಆ ಕೆಲಸದ ಮೇಲೆ ಅವನಿಗೆ ತಾತ್ಸಾರ. ಸಣ್ಣ ಚಿತ್ರ ಬರೆಯುವವರ ಮನೆ ಇದೇನಾ ಎಂದು ಯಾರೋ ಬಾಗಿಲು ತಟ್ಟಿದರೆ, ಅಲ್ಲ, ಇಲ್ಲಿರುವವನು ವರ್ಣಚಿತ್ರಕಾರ ಎಂದು ಸಿಡುಕಿದನೆಂಬ ಕಥೆ ಇದೆ. ಅವನು ಪ್ರಾಣ ಒತ್ತೆಯಿಟ್ಟು ಬರೆದ ಪುರಾಣದ ದೊಡ್ಡ ಪಟಗಳ ಮುಂದೆ ನಾನು ಆಕಳಿಸಿಯೇನು. ಈ ಸಣ್ಣವು ನನ್ನನ್ನು ಬಿಡುವುದಿಲ್ಲ.

ಮೂರನೆಯ ರಟ್ಟು ಸಿದ್ಧವಾಗಿತ್ತು. ಮೆತ್ತೆಗೆ ಆರು ಹಾಳೆ ಹಾಕಿದ್ದೆ, ನಾಲ್ಕಕ್ಕಿಂತ ಅದು ನನ್ನ ಕೈಗೆ ಹಿತ. ಹತ್ತೂವರೆಗೆ ಶುರು ಮಾಡಿ ಹನ್ನೆರಡಕ್ಕೆ ಕಣ್ಣು, ಮೂಗು, ತಲೆಯ ಸುತ್ತಳತೆ, ಇಳಿದ ಭುಜ ಎಲ್ಲ ಬಂತು. ಬಾಯಿ ಮಾತ್ರ ಸತ್ತಿತ್ತು. ಬಿಗಿದ ಎರಡು ತುಟಿ, ಅಂಚೆಪೆಟ್ಟಿಗೆಯ ಸೀಳಿನ ಹಾಗೆ.

ಊಟಕ್ಕೆ ಕೆಸುವಿನ ಪತ್ರೊಡೆ, ಅನ್ನ, ಸಾರು. ನಾನು ಮಾವನ ಎದುರಿಗೇ ಕೂತೆ. ಸಾರಿನಲ್ಲಿ ಕರಿಬೇವಿನ ಎಲೆ ಬಾಯಿಗೆ ಬಂದಾಗ ಅವರು ಅದನ್ನು ಉಗುಳಲಿಲ್ಲ, ಬೆರಳಿನಿಂದ ತೆಗೆಯಲೂ ಇಲ್ಲ. ನಾಲಿಗೆಯಿಂದ ತುಟಿಯ ಎಡಮೂಲೆಗೆ ತಂದು, ಅಲ್ಲಿ ಹಿಡಿದಿಟ್ಟುಕೊಂಡು, ಮಾತು ಮುಂದುವರಿಸಿದರು. ಇನ್ನೊಂದು ಎಲೆ ಬಂತು, ಅದೂ ಅಲ್ಲಿಗೇ. ಎರಡೂ ಎಲೆಗಳನ್ನು ಆಮೇಲೆ ಒಟ್ಟಿಗೆ ತೆಗೆದು ತಟ್ಟೆಯ ಅಂಚಿಗಿಟ್ಟರು. ಗುಂಡುಸೂಜಿ! ಅಂಗಡಿಯಲ್ಲಿ ಗಿರಾಕಿಯ ಮೈಮೇಲೆ ಬಟ್ಟೆ ಹೊಂದಿಸುವಾಗ ಅವರು ಸೂಜಿಗಳನ್ನು ಇಟ್ಟುಕೊಳ್ಳುತ್ತಿದ್ದದ್ದು ತುಟಿಯ ಅದೇ ಮೂಲೆಯಲ್ಲಿ. ಚಿಕ್ಕಂದಿನಲ್ಲಿ ನಾನು ಅದನ್ನು ನೋಡಿ ಹೆದರುತ್ತಿದ್ದೆ, ಮಾವ ನುಂಗಿಬಿಟ್ಟರೆ ಎಂದು. ನಲವತ್ತು ವರ್ಷದ ಸೂಜಿ ಅಲ್ಲಿ ಒಂದು ಗುರುತು ಬಿಟ್ಟಿದೆ. ಕೆಳತುಟಿಯ ಎಡ ತುದಿ ಒಂದಿಷ್ಟು ಒಳಕ್ಕೆ ಸರಿದು, ಅದರ ಕೆಳಗೆ ಅಕ್ಕಿಕಾಳಿನಷ್ಟು ನೆರಳು. ಬೆಳಿಗ್ಗೆಯೂ ಅದು ಅಲ್ಲೇ ಇತ್ತು. ನಾನು ಅದನ್ನು ನನ್ನ ತಪ್ಪು ಗೆರೆ ಎಂದುಕೊಂಡು ಎರಡು ಸಲ ತಿದ್ದಿದ್ದೆ.

ಎರಡು ಗಂಟೆಗೆ ಮತ್ತೆ ಕೂತೆವು. ಮಾವನಿಗೆ ಊಟದ ಮಂಪರು. ಎದೆ ಸಡಿಲವಾಗಿತ್ತು, ಗದ್ದ ತನ್ನ ಜಾಗಕ್ಕೆ ಇಳಿದಿತ್ತು. ಮೆತ್ತನೆಯ ರಬ್ಬರಿನಿಂದ ಬಾಯನ್ನು ಒತ್ತಿ ಒತ್ತಿ ತೆಗೆದೆ. ತುಟಿಗಳ ಹೊರಗೆರೆ ಎಳೆಯಲೇ ಇಲ್ಲ. ಎರಡು ತುಟಿ ಕೂಡುವ ಗೆರೆ ಒಂದೇ. ಬಲಗಡೆಯಿಂದ 2ಎಚ್‌ನಲ್ಲಿ ಹಗುರವಾಗಿ ಶುರು ಮಾಡಿ, ನಡುವೆ ಬಹುತೇಕ ಕಾಗದ ಬಿಟ್ಟು, ಎಡಮೂಲೆಗೆ ಬರುವಾಗ ಒತ್ತಿದೆ. ಮೆತ್ತೆ ತಗ್ಗಿತು, ಗೆರೆ ಉಬ್ಬಿ ನಿಂತಿತು. ಅಲ್ಲಿ ಎಚ್‌ಬಿಯಲ್ಲಿ ಒಂದು ಚುಕ್ಕೆ. ಅದರ ಕೆಳಗೆ ಮೂರು ಮಿಲಿಮೀಟರ್ ಉದ್ದದ ಐದು ಗೀರು, ಪಕ್ಕಪಕ್ಕದಲ್ಲಿ, ತಿಕ್ಕದೆ. ಬೆರಳು ತಾನಾಗಿ ಮುಂದೆ ಹೋಯಿತು, ಕೈಯನ್ನು ತೊಡೆಯ ಕೆಳಗಿಟ್ಟು ಕೂತೆ.

ಒಂದು ಹೆಜ್ಜೆ ಹಿಂದೆ ಸರಿದು ನೋಡಿದರೆ ಬದಲಾದದ್ದು ಬಾಯಿ ಮಾತ್ರವಲ್ಲ. ಕಣ್ಣಿಗೆ ನಾನು ಏನೂ ಮಾಡಿರಲಿಲ್ಲ, ಆದರೂ ಆ ಕಣ್ಣುಗಳು ಈಗ ಏನನ್ನೋ ಅಳೆಯುತ್ತಿದ್ದವು. ಗಿರಾಕಿ ಒಳಗೆ ಬಂದಾಗ, ಟೇಪು ತೆಗೆಯುವ ಮೊದಲೇ, ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುವ ನೋಟ ಅದು. ಹದಿನೈದು ವರ್ಷ ನಾನು ಕಣ್ಣಿನ ಹೊಳಪಿಗೆಂದು ಸುರಿದ ಕಪ್ಪೆಲ್ಲ ವ್ಯರ್ಥವೆಂದು ಅನಿಸಿ ಸ್ವಲ್ಪ ಬೇಜಾರೂ ಆಯಿತು. ಕಣ್ಣಿಗೆ ಆಮೇಲೆ ಮಾಡಿದ್ದು ಇಷ್ಟೇ: ಮೇಲುರೆಪ್ಪೆಯ ಗೆರೆಯನ್ನು 2ಬಿಯಲ್ಲಿ ಒಂದು ಸಲ ಗಟ್ಟಿ ಮಾಡಿದೆ, ಇಡೀ ಚಿತ್ರದಲ್ಲಿ ಅತಿ ಕಪ್ಪು ಜಾಗ ಅದೇ. ಕೆಳರೆಪ್ಪೆಗೆ ಗೆರೆಯಿಲ್ಲ, ಎರಡು ಗೀರಿನ ಸುಳಿವು.

ಕೆನ್ನೆಯಲ್ಲಿ ಆದಷ್ಟು ಕಾಗದವನ್ನೇ ಬಿಟ್ಟೆ. ಅಂಚಿಗೆ ಹೋದಂತೆ ಮಾತ್ರ ಸಣ್ಣ ಗೀರುಗಳನ್ನು ಮುಖದ ಉಬ್ಬಿನೊಂದಿಗೆ ತಿರುಗಿಸಿದೆ. ಕಿವಿಗೆ ಬರುವಷ್ಟರಲ್ಲಿ ದಣಿದಿದ್ದೆ, ಕನ್ನಡಕದ ಕಡ್ಡಿಯನ್ನು ನಂಬಿ ಕಿವಿ ಕೂರಿಸಿದೆ. ಕನ್ನಡಕ ಜಾರಿತ್ತು, ಕಿವಿಯೂ ಜಾರಿತು.

ಅಂಗಿ

ನಾಲ್ಕೂಕಾಲಿಗೆ ಅಂಗಿಗೆ ಬಂದೆ. ಉಳಿದಿದ್ದದ್ದು ಕಾಲು ಗಂಟೆ. ಇಲ್ಲಿ ಅವಸರವೇ ಬೇಕು. ಆಂಗ್ರ್‌ನ ಚಿತ್ರಗಳಲ್ಲಿ ಮುಖ ಕುಸುರಿ ಕೆಲಸ, ಬಟ್ಟೆ ಮಾತ್ರ ಓಟ. ಈ ಎರಡರ ನಡುವಿನ ಅಂತರದಿಂದಲೇ ಮುಖ ಹತ್ತಿರ ಬರುತ್ತದೆ. ಬಟ್ಟೆಯನ್ನೂ ಅಷ್ಟೇ ಶ್ರದ್ಧೆಯಿಂದ ಮುಗಿಸಿದರೆ ಕಣ್ಣು ಗುಂಡಿ ಎಣಿಸುತ್ತ ಕೂರುತ್ತದೆ. ಆದರೆ ಓಡುವ ಗೆರೆಗೂ ಬಟ್ಟೆಯೊಳಗಿನ ಮೈ ಗೊತ್ತಿರಬೇಕು, ಇಲ್ಲವಾದರೆ ಅದು ಹಗ್ಗದ ಮೇಲೆ ಒಣಹಾಕಿದ ಅಂಗಿ. ಕಾಲರಿನ ಎರಡು ಮೂಲೆ, ಭುಜದ ಹೊಲಿಗೆ, ಮೊಣಕೈ ಬಳಿ ಕೂಡುವ ಮೂರು ಮಡಿಕೆ, ಅಷ್ಟನ್ನು 2ಎಚ್‌ನಲ್ಲಿ ಉಸಿರೆಳೆಯುವಷ್ಟರಲ್ಲಿ ಎಳೆದು, ಹೊಟ್ಟೆಯ ಹತ್ತಿರ ಗೆರೆಯನ್ನು ಸುಮ್ಮನೆ ಬಿಟ್ಟುಬಿಟ್ಟೆ. ನಾಲ್ಕೂವರೆಗೆ ಪೆನ್ಸಿಲ್ ಕೆಳಗಿಟ್ಟೆ.

ಗ್ರಾಫೈಟ್ ಹಿಡಿದಿಡುವ ಸ್ಪ್ರೇ ಹೊಡೆಯಲಿಲ್ಲ. ಗಡಸು ಪೆನ್ಸಿಲ್‌ನ ಸಣ್ಣ ಗೆರೆ ಅಷ್ಟು ಸುಲಭವಾಗಿ ಹರಡುವುದಿಲ್ಲ, ಸ್ಪ್ರೇ ತಾಗಿದರೆ ಕಾಗದದ ಬಿಳುಪು ಮಂಕಾಗಬಹುದೆಂಬ ಭಯ ಬೇರೆ. ಮೇಲೆ ಬೆಣ್ಣೆಕಾಗದ ಹೊದಿಸಿ, ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿದೆ. ಮಳೆಗಾಲದಲ್ಲಿ ಬೂಷ್ಟು ಬರದಿರಲೆಂದು ಪಕ್ಕದಲ್ಲಿ ಮಾತ್ರೆ ಡಬ್ಬಿಗಳಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಕೂಡಿಟ್ಟು ಹಾಕಿದ್ದೇನೆ.

ಐದನೆಯ ಭಾನುವಾರ

ಅಂದು ಮಾವನಿಗೆ ತೋರಿಸಿದೆ. ಕಿಟಕಿಯ ಹತ್ತಿರ ಒಯ್ದು, ಕನ್ನಡಕ ಹಣೆಗೇರಿಸಿ, ಹೊಲಿಗೆ ಪರೀಕ್ಷಿಸುವಂತೆ ಮೂಗಿನ ಹತ್ತಿರ ಹಿಡಿದರು. ಅತ್ತೆ ಹಿಂದಿನಿಂದ ಇಣುಕಿ, "ಸೂಜಿ ಕಚ್ಚಿಕೊಂಡು ಕೂತಿದ್ದೀರಲ್ಲ" ಎಂದರು. ಚಿತ್ರದಲ್ಲಿ ಸೂಜಿ ಇಲ್ಲ. ನಾನು ಅವರಿಗೆ ಏನನ್ನೂ ಹೇಳಿರಲಿಲ್ಲ.

ಮಾವ ಇನ್ನೂ ನೋಡುತ್ತಲೇ ಇದ್ದರು. ಅವರ ಬೆರಳು ಮುಖದ ಮೇಲಿರಲಿಲ್ಲ, ಕಾಲರಿನ ಹತ್ತಿರ, ಕಾಗದಕ್ಕೆ ತಾಗದಂತೆ ಆಡುತ್ತಿತ್ತು.

"ಇದು ನಾನು ಹೊಲಿದ ಕಾಲರಲ್ಲ" ಎಂದರು.

ನಿಜ. ಅಂದು ಅವರು ಹಾಕಿದ್ದದ್ದು ಮಗ ತಂದುಕೊಟ್ಟ ಸಿದ್ಧ ಉಡುಪಿನ ಅಂಗಿ. ಅದು ಅವರ ಇಳಿದ ಭುಜಕ್ಕೆ ಕೂರದೆ ಬಲಗಡೆ ಕಾಲರ್ ಕುತ್ತಿಗೆಯಿಂದ ಒಂದು ಎಳೆ ದೂರ ನಿಂತಿತ್ತು. ಕಾಲು ಗಂಟೆಯ ಓಟದಲ್ಲಿ ನನಗೆ ಅದು ಗೊತ್ತೇ ಆಗಿರಲಿಲ್ಲ, ಕೈ ಕಂಡದ್ದನ್ನು ಎಳೆದಿತ್ತು.

"ಬರುವ ವಾರ ನನ್ನ ಅಂಗಿ ಹಾಕಿಕೊಂಡು ಬರುತ್ತೇನೆ. ಕೋಟನ್ನೂ ತರಲೇ?" ಎಂದರು.

ತನ್ನಿ ಎಂದೆ. ಅಂಟು ಕಲಸಿ ಆಗಿದೆ, ನಾಲ್ಕನೆಯ ರಟ್ಟು ರುಬ್ಬುಗುಂಡಿನ ಕೆಳಗಿದೆ. ಈ ಸಲ ಕಿವಿಯನ್ನು ಊಟಕ್ಕೆ ಮುಂಚೆಯೇ ಬರೆಯಬೇಕು.